‘ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ’ ಎಂಬ ಮಾತು ನಿಜವೇ? ಸಿಕ್ಲಿಡ್ ಮೀನು ತರುವ ಮುನ್ನ ಇದನ್ನು ಓದಿ

“ಅಕ್ವೇರಿಯಂ ಮೀನು ಸತ್ತರೆ ಬೇಸರ ಬೇಡ. ಮನೆಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಗಿದೆ.” ಇಂಥ ಸಂದೇಶ ನಿಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಜೊತೆಗೆ ತಲೆ ಮೇಲೆ ಗುಬುಟಿರುವ ಕೆಂಪು ಮೀನಿನ ಫೋಟೊ, ಅದನ್ನು ಯಾವ ದಿಕ್ಕಿಗೆ ಇಟ್ಟರೆ ದುಡ್ಡು ಬರುತ್ತದೆ ಎಂಬ ಸಲಹೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ, ಅಂಗಡಿಗಳಲ್ಲಿ ಈಗ ಗಾಜಿನ ತೊಟ್ಟಿ ಅಪರೂಪವಲ್ಲ. ಮಕ್ಕಳು ಹಟ ಹಿಡಿದು ತರಿಸಿಕೊಂಡ ಮೀನು ಹದಿನೈದು ದಿನಕ್ಕೆ ಒಂದೊಂದಾಗಿ ತೇಲತೊಡಗಿದಾಗ ಮಕ್ಕಳು ಅಳುತ್ತಾರೆ, ದೊಡ್ಡವರು ‘ಕಂಟಕ ಹೋಯಿತು’ ಎನ್ನುತ್ತಾರೆ. ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ವಾರ ಮತ್ತೆ ಹೊಸ ಮೀನು ಬರುತ್ತದೆ, ಮತ್ತೆ ಸಾಯುತ್ತದೆ.

ಹಾಗಾಗಿ ಈ ಬಗ್ಗೆ ಹರಿದಾಡುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ, ಹೆಚ್ಚಾಗಿ ಜಗಳವಾಡುವ ಸಿಕ್ಲಿಡ್ ಎಂಬ ಮೀನುಗಳನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇವೆ.

ಸಿಕ್ಲಿಡ್ ಎಂದರೆ ಯಾವುದು?

ಸಿಕ್ಲಿಡ್ ಎಂಬುದು ಒಂದು ಮೀನಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ವಿಜ್ಞಾನಿಗಳು ಹೆಸರಿಟ್ಟಿರುವ ಜಾತಿಗಳೇ 1,700ಕ್ಕೂ ಹೆಚ್ಚು. ಏಂಜೆಲ್, ಆಸ್ಕರ್, ಡಿಸ್ಕಸ್, ಕನ್ವಿಕ್ಟ್, ರಾಮ್ ಇವೆಲ್ಲ ಅಮೆರಿಕ ಖಂಡದ ಸಿಕ್ಲಿಡ್‌ಗಳು. ಅಂಗಡಿಯಲ್ಲಿ ‘ಆಫ್ರಿಕನ್’ ಎಂದು ಮಾರುವ ಹಳದಿ, ನೀಲಿ ಬಣ್ಣದ ಚಿಕ್ಕ ಮೀನುಗಳು ಹೆಚ್ಚಾಗಿ ಮಲಾವಿ ಸರೋವರದವು. ಬಂಡೆಗಳ ನಡುವೆ ಬದುಕುವ ಇವುಗಳನ್ನು ‘ಎಂಬುನಾ’ ಎನ್ನುತ್ತಾರೆ.

ನಮ್ಮಲ್ಲೂ ಸಿಕ್ಲಿಡ್‌ಗಳಿವೆ. ಕೇರಳದ ‘ಕರಿಮೀನ್’ ಒಂದು ಸಿಕ್ಲಿಡ್. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಕಾಣುವ, ಹೆಸರಿನಲ್ಲೇ ‘ಕೆನರಾ’ ಇರುವ ಎಟ್ರೋಪ್ಲಸ್ ಕೆನರೆನ್ಸಿಸ್ ಇನ್ನೊಂದು. ಕೆರೆ, ಕಾಲುವೆಗಳಲ್ಲಿ ಸಿಗುವ, ಹಲವೆಡೆ ‘ಜಿಲೇಬಿ’ ಎಂದು ಕರೆಯುವ ತಿಲಾಪಿಯಾ ಕೂಡ ಸಿಕ್ಲಿಡ್. ಆದರೆ ಅದು ನಮ್ಮದಲ್ಲ, 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು. ಅದರ ಕಥೆ ಕೊನೆಯಲ್ಲಿ ಬರುತ್ತದೆ.

ಈ ಕುಟುಂಬದ ಹೆಚ್ಚಿನ ಮೀನುಗಳಲ್ಲಿ ಒಂದು ಗುಣ ಸಾಮಾನ್ಯ. ‘ಇದು ನನ್ನ ಜಾಗ’ ಎಂದು ಗಡಿ ಹಾಕಿಕೊಂಡು ಕಾಯುತ್ತವೆ. ಮೊಟ್ಟೆ, ಮರಿಗಳನ್ನು ಜೋಪಾನ ಮಾಡುತ್ತವೆ. ಹೊಲದ ಬದುವಿಗೆ ಜಗಳವಾದಂತೆ ಟ್ಯಾಂಕಿನಲ್ಲೂ ಬದುವಿನ ಜಗಳ ನಡೆಯುತ್ತದೆ. ಆದ್ದರಿಂದಲೇ ಟ್ಯಾಂಕಿನ ಅಳತೆ ಮತ್ತು ಆಕಾರ ಬಹಳ ಮುಖ್ಯ.

ಹೇಳಿಕೆ 1: ಟ್ಯಾಂಕ್ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯುತ್ತದೆ

ವಾಸ್ತವ: ತಪ್ಪು.

ಅಂಗಡಿಯಲ್ಲಿ ಎರಡು ಇಂಚು ಇರುವ ಆಸ್ಕರ್ ಮರಿ ಚೆನ್ನಾಗಿ ಸಾಕಿದರೆ ಒಂದು ವರ್ಷದಲ್ಲಿ 8ರಿಂದ 10 ಇಂಚು ಆಗುತ್ತದೆ. ಪೂರ್ತಿ ಬೆಳೆದಾಗ 12 ಇಂಚು, ಅಂದರೆ 30 ಸೆಂಟಿಮೀಟರ್ ಮುಟ್ಟುತ್ತದೆ. ಟ್ಯಾಂಕ್ ಚಿಕ್ಕದು ಎಂದು ಅದು ಬೆಳವಣಿಗೆ ನಿಲ್ಲಿಸಿ ಆರಾಮಾಗಿ ಇರುವುದಿಲ್ಲ.

ಚಿಕ್ಕ ತೊಟ್ಟಿಯಲ್ಲಿ ಕೆಲವು ಮೀನು ಕುಳ್ಳಾಗಿ ಉಳಿಯುವುದು ನಿಜ. ಆದರೆ ಅದು ಹೊಂದಾಣಿಕೆಯಲ್ಲ, ಕಾಯಿಲೆಯ ಲಕ್ಷಣ. ಮೀನು ಬಿಡುವ ಕೊಳೆ ಸ್ವಲ್ಪ ನೀರಿನಲ್ಲೇ ತುಂಬಿಕೊಳ್ಳುತ್ತದೆ. ಓಡಾಡಲು ಜಾಗ ಇರುವುದಿಲ್ಲ. ದೇಹ ಸೊರಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಮಗುವಿಗೆ ಚಿಕ್ಕ ಅಂಗಿ ಹಾಕಿದರೆ ಮಗು ಬೆಳೆಯುವುದು ನಿಲ್ಲುವುದಿಲ್ಲ. ಇದೂ ಹಾಗೆಯೇ.

‘4 ಲೀಟರ್ ನೀರಿಗೆ ಒಂದು ಇಂಚು ಮೀನು’ ಎಂಬ ಲೆಕ್ಕವನ್ನೂ ನೀವು ಕೇಳಿರಬಹುದು. ಚಿಕ್ಕ ಮೀನಿಗೆ ಅದು ಹೇಗೋ ನಡೆದೀತು, ಸಿಕ್ಲಿಡ್‌ಗೆ ನಡೆಯದು. ಅದರ ಪ್ರಕಾರ 10 ಇಂಚಿನ ಆಸ್ಕರ್‌ಗೆ 40 ಲೀಟರ್ ಸಾಕು. ಆ ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಆಗದು! ಒಂದೇ ಆಕಾರದ ಎರಡು ಮೀನುಗಳಲ್ಲಿ ಒಂದು ಹತ್ತು ಪಟ್ಟು ಉದ್ದ ಇದ್ದರೆ ಅದರ ತೂಕ ಹತ್ತು ಪಟ್ಟಲ್ಲ, ಸುಮಾರು ಸಾವಿರ ಪಟ್ಟು. ತಿನ್ನುವುದೂ, ಕೊಳೆ ಬಿಡುವುದೂ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ.

ಹೇಳಿಕೆ 2: ನೀರು ಸಾಕಷ್ಟಿದ್ದರೆ ಆಯಿತು, ಟ್ಯಾಂಕ್ ಯಾವ ಆಕಾರದ್ದಾದರೂ ನಡೆಯುತ್ತದೆ

ವಾಸ್ತವ: ಅರ್ಧ ಮಾತ್ರ ನಿಜ. ನೀರಿನ ಪ್ರಮಾಣ ಬೇಕು, ಅದರ ಜೊತೆ ಸರಿಯಾದ ಆಕಾರವೂ ಬೇಕು.

ಮೊದಲು ನಿಮ್ಮ ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ನೋಡಿ. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ, ಬಂದ ಸಂಖ್ಯೆಯನ್ನು 61ರಿಂದ ಭಾಗಿಸಿ. ಉತ್ತರ ಲೀಟರ್‌ನಲ್ಲಿ ಬರುತ್ತದೆ. 48 ಇಂಚು ಉದ್ದ, 18 ಅಗಲ, 18 ಎತ್ತರದ ಟ್ಯಾಂಕ್ ಎಂದರೆ ಸುಮಾರು 255 ಲೀಟರ್.

ಅದೇ ಟ್ಯಾಂಕನ್ನು ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿದಂತೆ ಊಹಿಸಿಕೊಳ್ಳಿ. ನೀರು ಅಷ್ಟೇ, 255 ಲೀಟರ್. ಆದರೆ ಮಲಗಿಸಿದಾಗ ತಳದ ಜಾಗ 6 ಚದರ ಅಡಿ, ನಿಲ್ಲಿಸಿದಾಗ ಬರೀ 2.25 ಚದರ ಅಡಿ. ಬಂಡೆ, ಉಸುಕಿನ ಬಳಿ ಗಡಿ ಹಾಕಿಕೊಳ್ಳುವ ಮೀನಿಗೆ ಬೇಕಿರುವುದು ತಳದ ಜಾಗ. ಮೇಲೆ ಎಷ್ಟು ನೀರಿದ್ದರೂ ಅದಕ್ಕೆ ಉಪಯೋಗವಿಲ್ಲ. ಉಸಿರಾಟದ ಲೆಕ್ಕವೂ ಇದೆ. ಗಾಳಿಯ ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಿಂದ. ಮೇಲ್ಮೈ ಕಿರಿದಾದಷ್ಟೂ ಮೀನಿಗೆ ಉಸಿರು ಕಟ್ಟುತ್ತದೆ. ದುಂಡನೆಯ ಗಾಜಿನ ಬೌಲ್ ಸಿಕ್ಲಿಡ್‌ಗೆ ಸುತರಾಂ ಆಗದು.

ಯಾವ ಮೀನಿಗೆ ಯಾವ ಅಳತೆ ಮುಖ್ಯ ಎಂದು ಹೀಗೆ ನೆನಪಿಟ್ಟುಕೊಳ್ಳಿ:

• ಏಂಜೆಲ್ ಮೀನಿಗೆ ಎತ್ತರ. ಮೇಲಿನ ಮತ್ತು ಕೆಳಗಿನ ರೆಕ್ಕೆ ಸೇರಿದರೆ ಅದು 8 ಇಂಚಿಗೂ ಹೆಚ್ಚು ಎತ್ತರವಾಗುತ್ತದೆ. ಕನಿಷ್ಠ 18 ಇಂಚು ಎತ್ತರದ ಟ್ಯಾಂಕ್ ಬೇಕು.

• ಆಸ್ಕರ್, ಫ್ಲವರ್‌ಹಾರ್ನ್‌ಗೆ ಅಗಲ. ಒಂದು ಅಡಿ ಉದ್ದದ ಮೀನು ಒಂದು ಅಡಿ ಅಗಲದ ತೊಟ್ಟಿಯಲ್ಲಿ ಸಲೀಸಾಗಿ ತಿರುಗಲಾರದು. 18 ಇಂಚಾದರೂ ಬೇಕು.

• ಎಂಬುನಾ ಮೀನಿಗೆ ಉದ್ದ. ಬೆನ್ನಟ್ಟಿದವನಿಂದ ತಪ್ಪಿಸಿಕೊಂಡು ಓಡಲು ಅದಕ್ಕೆ ದಾರಿ ಬೇಕು.

ಗೊತ್ತಿಲ್ಲದ ಮೀನಾದರೆ ಒಂದು ಅಂದಾಜು ಇಟ್ಟುಕೊಳ್ಳಿ: ಟ್ಯಾಂಕಿನ ಉದ್ದ, ಪೂರ್ತಿ ಬೆಳೆದ ಮೀನಿನ ಉದ್ದದ ನಾಲ್ಕೈದು ಪಟ್ಟು, ಅಗಲ, ಒಂದೂವರೆ ಪಟ್ಟು. ಇದು ಒಂದು ಮೀನಿಗೆ ಬೇಕಾದ ಕನಿಷ್ಠ ಜಾಗ.

ದೊಡ್ಡ ಟ್ಯಾಂಕ್ ತರುವವರು ತೂಕ ಮರೆಯಬೇಡಿ. 255 ಲೀಟರ್ ನೀರು ಎಂದರೆ 255 ಕಿಲೊ. ಗಾಜು, ಉಸುಕು, ಕಲ್ಲು ಸೇರಿದರೆ 300 ಕಿಲೊ ದಾಟುತ್ತದೆ. ಟಿವಿ ಶೋಕೇಸ್ ಮೇಲೆ ಇಡುವಂಥದ್ದಲ್ಲ ಅದು.

ಹೇಳಿಕೆ 3: ಸಣ್ಣಕ್ಕಿದ್ದಾಗಿನಿಂದ ಕೂಡಿ ಬೆಳೆಸಿದರೆ ಯಾವ ಮೀನಾದರೂ ಹೊಂದಿಕೊಳ್ಳುತ್ತದೆ

“ಇವೆಲ್ಲ ಕೂಡಿ ಇರ್ತಾವೇನ್ರಿ?” “ಇರ್ತಾವ್ರಿ, ಸಣ್ಣಕ್ಕ ಅದಾವಲ್ಲ, ಹೊಂದ್ಕೋತಾವ.” ಅಂಗಡಿಯಲ್ಲಿ ನಡೆಯುವ ಮಾತು ಇಷ್ಟೇ.

ವಾಸ್ತವ: ತಪ್ಪು. ಮರಿಗಳು ಒಟ್ಟಿಗೆ ಇರುವುದು ನಿಜ. ಆದರೆ ಜಗಳ ಶುರುವಾಗುವುದೇ ಅವು ವಯಸ್ಸಿಗೆ ಬಂದ ಮೇಲೆ.

ಕನ್ವಿಕ್ಟ್ ಸಿಕ್ಲಿಡ್ ಉದಾಹರಣೆ ನೋಡಿ. ಬೂದು ಮೈಮೇಲೆ ಕಪ್ಪು ಪಟ್ಟೆಯ, ನಾಲ್ಕೈದು ಇಂಚಿನ ಮೀನು. ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿ ಮೊಟ್ಟೆ ಇಟ್ಟರೆ ಎರಡು ಅಡಿ ಟ್ಯಾಂಕ್ ಪೂರ್ತಿ ಅವುಗಳದ್ದೇ. ಬೇರೆ ಮೀನುಗಳನ್ನು ಮೂಲೆಗೆ ಒತ್ತರಿಸಿ ರೆಕ್ಕೆ ಹರಿಯುತ್ತವೆ, ಕೊಂದೂ ಹಾಕುತ್ತವೆ. ಇದು ಕೆಟ್ಟ ಬುದ್ಧಿಯಲ್ಲ, ಮರಿ ಕಾಯುವ ತಾಯಿತಂದೆಯ ಕೆಲಸ. ಹೊಳೆಯಲ್ಲಾದರೆ ಸೋತ ಮೀನು ದೂರ ಓಡಿಹೋಗುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಓಡಲು ಜಾಗ ಎಲ್ಲಿದೆ?

ಕೂಡಿ ಇಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಬಾಯಿಗೆ ಹಿಡಿಸುತ್ತದೆಯೇ? ಬಾಯಲ್ಲಿ ಹಿಡಿಸುವ ಮೀನನ್ನು ದೊಡ್ಡ ಸಿಕ್ಲಿಡ್ ನುಂಗುತ್ತದೆ. ಆಸ್ಕರ್ ಜೊತೆ ಗಪ್ಪಿ, ಬೆಳೆದ ಏಂಜೆಲ್ ಜೊತೆ ನಿಯಾನ್ ಟೆಟ್ರಾ ಉಳಿಯುವುದಿಲ್ಲ.

ಎರಡು, ನೀರು ಒಂದೇ ಥರದ್ದೇ? ಮಲಾವಿ ಸರೋವರದ ನೀರು ಕ್ಷಾರೀಯ, ಪಿಎಚ್ ಸುಮಾರು 7.7ರಿಂದ 8.6. ಡಿಸ್ಕಸ್ ಮತ್ತು ರಾಮ್ ಮೃದುವಾದ, ತುಸು ಆಮ್ಲೀಯ, ಬೆಚ್ಚಗಿನ ನೀರಿನವು. ಇವನ್ನು ಒಂದೇ ಟ್ಯಾಂಕಿನಲ್ಲಿಟ್ಟರೆ ಯಾವುದಾದರೂ ಒಂದಕ್ಕೆ ಕಷ್ಟ ತಪ್ಪದು.

ಮೂರು, ಊಟ ಒಂದೇ ಥರದ್ದೇ? ಎಂಬುನಾಗಳಲ್ಲಿ ಹೆಚ್ಚಿನವು ಬಂಡೆ ಮೇಲಿನ ಪಾಚಿ ಕೆರೆದು ತಿನ್ನುತ್ತವೆ. ಆಸ್ಕರ್‌ಗೆ ಹಾಕುವ ಮಾಂಸದ ಆಹಾರ ಅವುಗಳಿಗೆ ಹಾಕಿದರೆ ಹೊಟ್ಟೆ ಉಬ್ಬಿ ಸಾಯಬಹುದು. ಪಾಚಿಯಿಂದ ಮಾಡಿದ ಸ್ಪಿರುಲಿನಾ ಕಾಳು ಕೊಡಬೇಕು.

ನಿಮ್ಮ ಟ್ಯಾಂಕಿಗೆ ಯಾವುದು?

ಎರಡು ಅಡಿ ಟ್ಯಾಂಕ್ (24×12×15 ಇಂಚು, ಸುಮಾರು 70 ಲೀಟರ್): ಚಿಕ್ಕ ಸಿಕ್ಲಿಡ್‌ನ ಒಂದೇ ಒಂದು ಜೋಡಿ. ಮೂರ್ನಾಲ್ಕು ಇಂಚಿನ ಕ್ರಿಬೆನ್ಸಿಸ್ ಅಥವಾ ಎರಡು ಇಂಚಿನ ರಾಮ್. ಇದರಲ್ಲಿ ಏಂಜೆಲ್, ಆಸ್ಕರ್, ಫ್ಲವರ್‌ಹಾರ್ನ್, ಪ್ಯಾರಟ್ ಬೇಡ. ಸಿಕ್ಲಿಡ್ ಬೇಕೇ ಬೇಕು ಎನ್ನದಿದ್ದರೆ ಈ ಅಳತೆಗೆ ಗಪ್ಪಿ, ಮೋಲಿಗಳೇ ಒಳ್ಳೆಯವು.

ಮೂರು ಅಡಿ (36×15×18 ಇಂಚು, ಸುಮಾರು 160 ಲೀಟರ್): ನಾಲ್ಕೈದು ಏಂಜೆಲ್ ಮರಿಗಳು. ಬೆಳೆದ ಮೇಲೆ ಒಂದು ಜೋಡಿ ಕಟ್ಟಿಕೊಂಡು ಉಳಿದವನ್ನು ಓಡಿಸತೊಡಗಿದರೆ ಉಳಿದವನ್ನು ಬೇರೆ ಕಡೆ ಕೊಡಲು ತಯಾರಿರಬೇಕು. ಅಥವಾ ಒಂದು ಜೋಡಿ ಕನ್ವಿಕ್ಟ್ ಮಾತ್ರ.

ನಾಲ್ಕು ಅಡಿ (48×18×18 ಇಂಚು, ಸುಮಾರು 255 ಲೀಟರ್): ಇಲ್ಲಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದೇ ಫ್ಲವರ್‌ಹಾರ್ನ್, ಅಥವಾ ಒಂದೇ ಆಸ್ಕರ್, ಅಥವಾ 12ರಿಂದ 15 ಎಂಬುನಾ. ಎಂಬುನಾಗಳಲ್ಲಿ ಹಳದಿ ಬಣ್ಣದ ಯೆಲ್ಲೋ ಲ್ಯಾಬ್ ಸ್ವಲ್ಪ ಶಾಂತ ಸ್ವಭಾವದ್ದು, ಹೊಸಬರಿಗೆ ಒಳ್ಳೆಯದು. ಒಂದು ಗಂಡಿಗೆ ಮೂರು ಹೆಣ್ಣಿನಂತೆ ಇರಲಿ. ಒಂದೇ ಬಣ್ಣ, ಒಂದೇ ಪಟ್ಟೆಯ ಎರಡು ಜಾತಿ ಬೇಡ. ತನ್ನಂತೆ ಕಾಣುವವನನ್ನೇ ಗಂಡು ಮೊದಲು ಹೊಡೆಯುತ್ತದೆ.

‘ಎಂಬುನಾ ಅಷ್ಟೊಂದು, ಆಸ್ಕರ್ ಒಂದೇ ಏಕೆ?’ ಎಂದು ಕೇಳಬಹುದು. ಎಂಬುನಾ ನಾಲ್ಕು ಇಂಚಿನ ಆಸುಪಾಸಿನ ಮೀನು. ಮೂರೇ ಇದ್ದರೆ ಬಲಿಷ್ಠ ಗಂಡು ಉಳಿದ ಎರಡನ್ನೂ ಬೆನ್ನುಬಿಡದೆ ಕಾಡುತ್ತದೆ. ಗುಂಪು ದೊಡ್ಡದಿದ್ದರೆ ಆ ಪೆಟ್ಟು ಹಂಚಿಹೋಗುತ್ತದೆ. ಆದರೆ ಇದಕ್ಕೆ ಬಲವಾದ ಫಿಲ್ಟರ್, ಪ್ರತಿ ವಾರ ನೀರು ಬದಲಿಸುವ ಶಿಸ್ತು ಬೇಕು. ಮೂರು ಅಡಿ ಟ್ಯಾಂಕಿಗೆ ಈ ಉಪಾಯ ಹೊಂದದು.

ಕಲ್ಲಿನ ಗುಡ್ಡೆಗಳು, ಸಂದುಗಳು ಎಂಬುನಾಕ್ಕೆ ಅತ್ಯಗತ್ಯ. ಎದುರಾಳಿ ಕಣ್ಣಿಗೆ ಬೀಳದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಗ್ರಾನೈಟ್ ಕಲ್ಲಿಗೆ ನಮ್ಮ ಕಡೆ ಬರವಿಲ್ಲ, ಅದು ನೀರಿನಲ್ಲಿ ಕರಗುವುದೂ ಇಲ್ಲ. ಆದರೆ ಹಟ್ಟಿ ಕಡೆಯ ಗಣಿ ತ್ಯಾಜ್ಯದ ಕಲ್ಲು ಬೇಡ, ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜಗಳೂ ಇರುತ್ತವೆ. ಮಸ್ಕಿಯ ಅಶೋಕನ ಶಾಸನದ ಗುಡ್ಡದಿಂದಲೂ ಕಲ್ಲು ತರಬೇಡಿ, ಅದು ಸಂರಕ್ಷಿತ ಜಾಗ. ಕಲ್ಲನ್ನು ಮೊದಲು ತಳದಲ್ಲಿ ಭದ್ರವಾಗಿ ಕೂರಿಸಿ, ಆಮೇಲೆ ಉಸುಕು ಹಾಕಿ. ಉಸುಕಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯಲ್ಲಿ ತೋಡಿ, ಕಲ್ಲು ಉರುಳಿ, ಗಾಜು ಒಡೆಯಬಹುದು.

ಹೇಳಿಕೆ 4: ಮೀನು ಸತ್ತರೆ ಅದು ಮನೆಯ ಕಂಟಕ ಹೊತ್ತುಕೊಂಡು ಹೋಗಿದೆ

ವಾಸ್ತವ: ಇದಕ್ಕೆ ಯಾವ ಆಧಾರವೂ ಇಲ್ಲ. ಹೊಸ ಟ್ಯಾಂಕಿನಲ್ಲಿ ಮೊದಲ ಎರಡು ಮೂರು ವಾರಗಳಲ್ಲಿ ಮೀನು ಸಾಯುವುದಕ್ಕೆ ಸಾಮಾನ್ಯ ಕಾರಣ ಅಮೋನಿಯಾ.

ಮೀನು ತಿಂದು ಬಿಟ್ಟ ಕೊಳೆಯಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯಕಾರಿಯಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾವೋ, ಟ್ಯಾಂಕ್ ತಂದ ದಿನವೇ ಹತ್ತು ಮೀನು ಬಿಡುತ್ತೇವೆ.

ಇಲ್ಲಿ ನಮ್ಮ ಭಾಗದವರು ಗಮನಿಸಬೇಕಾದ ಮಾತೊಂದಿದೆ. ರಾಯಚೂರು ಜಿಲ್ಲೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಕ್ಷಾರೀಯ. ಬೇಸಿಗೆ ತಾಪ 40 ಡಿಗ್ರಿ ದಾಟುತ್ತದೆ. ಅಮೋನಿಯಾದ ವಿಷ ಇವೆರಡರಿಂದಲೂ ಹೆಚ್ಚುತ್ತದೆ. ಪಿಎಚ್ 7, ತಾಪ 25 ಡಿಗ್ರಿ ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದಲ್ಲಿರುವುದು ಶೇ 1ಕ್ಕಿಂತ ಕಡಿಮೆ. ಪಿಎಚ್ 8, ತಾಪ 30 ಡಿಗ್ರಿ ಆದರೆ ಅದು ಸುಮಾರು ಶೇ 7. ಅಂದರೆ ಅಷ್ಟೇ ಕೊಳೆ, ವಿಷ ಮಾತ್ರ ಹತ್ತು ಪಟ್ಟಿಗೂ ಹೆಚ್ಚು. ಬೇರೆ ಊರಿನವರ ವಿಡಿಯೊ ನೋಡಿ ಅಷ್ಟೇ ಮೀನು ಬಿಟ್ಟರೆ ನಮ್ಮಲ್ಲಿ ಏಕೆ ಸಾಯುತ್ತವೆ ಎಂಬುದಕ್ಕೆ ಇದೂ ಒಂದು ಉತ್ತರ.

ಬೋರ್ ನೀರು, ನಳದ ನೀರು, ಆರ್‌ಒ ನೀರು: ಯಾವುದು?

ನಿಮ್ಮ ನೀರಿಗೆ ಹೊಂದುವ ಮೀನು ಆರಿಸುವುದು ಸುಲಭ. ಮೀನಿಗೆ ಹೊಂದುವಂತೆ ನೀರನ್ನು ಬದಲಿಸುವುದು ದಿನದಿನದ ಕೆಲಸ.

ಗಡಸು, ಕ್ಷಾರೀಯ ಬೋರ್ ನೀರಿದ್ದರೆ ಎಂಬುನಾ ಹೊಂದುತ್ತವೆ. ಆದರೆ ಬಾಯಿಗೆ ಉಪ್ಪೆನಿಸುವ ಸವುಳು ನೀರು ಬೇಡ. ಗೊಬ್ಬರ ಹೆಚ್ಚು ಬಳಸುವ ಗದ್ದೆಗಳ ಹತ್ತಿರದ ಬೋರ್ ನೀರಿನಲ್ಲಿ ನೈಟ್ರೇಟ್ ಮೊದಲೇ ಇರಬಹುದು. ಒಮ್ಮೆ ಪರೀಕ್ಷೆ ಮಾಡಿಸಿ. ಬೋರ್‌ನಿಂದ ಬಂದ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಏರ್ ಪಂಪ್ ಹಾಕಿ ಇಟ್ಟು ಆಮೇಲೆ ಬಳಸಿ.

ತುಂಗಭದ್ರಾ ಎಡದಂಡೆ ಕಾಲುವೆಯಂಥ ಮೂಲದಿಂದ ಬರುವ ನಳದ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೃದು. ಏಂಜೆಲ್, ಕ್ರಿಬೆನ್ಸಿಸ್‌ಗೆ ಇದು ಒಳ್ಳೆಯದು. ಕ್ಲೋರಿನ್ ಇರುತ್ತದೆ, ಹಾಗಾಗಿ ಕ್ಲೋರಿನ್ ತೆಗೆಯುವ ಹನಿ ಹಾಕಿ ಅಥವಾ 24 ಗಂಟೆ ತೆರೆದಿಟ್ಟು ಬಳಸಿ.

‘ಮೀನಿಗೂ ಆರ್‌ಒ ನೀರೇ ಹಾಕಿ’ ಎಂಬ ಸಲಹೆ ಪೂರ್ತಿ ಸರಿಯಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಖನಿಜ ಬಹಳ ಕಡಿಮೆ. ಅದನ್ನಷ್ಟೇ ಹಾಕಿದರೆ ಪಿಎಚ್ ಒಮ್ಮೆಲೆ ಏರಿಳಿಯಬಹುದು. ರಾಮ್, ಡಿಸ್ಕಸ್ ಸಾಕುವವರು ಬೇರೆ ನೀರಿನ ಜೊತೆ ಬೆರೆಸಿ ಬಳಸುತ್ತಾರೆ. ಬೇಸಿಗೆಯಲ್ಲಿ ಇದರ ಇನ್ನೊಂದು ಉಪಯೋಗವಿದೆ. ನೀರು ಆವಿಯಾದಾಗ ಉಪ್ಪು, ಖನಿಜ ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದ ಮಟ್ಟವನ್ನು ಬೋರ್ ನೀರಿನಿಂದಲೇ ತುಂಬುತ್ತಾ ಹೋದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವಾಗ ಎಂದಿನ ನೀರು ಬಳಸಿ. ತೆಗೆದ ನೀರನ್ನು ಗಿಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.

ಬಿಸಿಲು ಮತ್ತು ಕರೆಂಟ್

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8.2 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಸುಮಾರು 7. ಅದೇ ಹೊತ್ತಿಗೆ ಮೀನಿಗೆ ಉಸಿರಾಟ ಹೆಚ್ಚು ಬೇಕಾಗುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಹಸಿವಲ್ಲ, ಉಸಿರು ಕಟ್ಟುತ್ತಿರಬಹುದು. ಆಗ ಆಹಾರ ಹಾಕಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ಬೀಸುವಂತೆ ಇಡಿ, ಲೈಟ್ ಕಡಿಮೆ ಉರಿಸಿ. ಐಸ್ ತುಂಡನ್ನು ನೇರವಾಗಿ ಹಾಕಬೇಡಿ, ತಾಪ ಒಮ್ಮೆಲೆ ಇಳಿದರೂ ಮೀನಿಗೆ ಪೆಟ್ಟು. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದಿರಲಿ. ಡಿಸೆಂಬರ್, ಜನವರಿಯ ಚಳಿಯ ರಾತ್ರಿಗಳಲ್ಲಿ ಮಾತ್ರ ಹೀಟರ್ ಬೇಕಾಗಬಹುದು, ರಾಮ್ ಮತ್ತು ಡಿಸ್ಕಸ್‌ಗಂತೂ ಬೇಕೇ ಬೇಕು.

ಫ್ಲವರ್‌ಹಾರ್ನ್ ಅದೃಷ್ಟ ತರುತ್ತದೆಯೇ?

ಫೋಟೊದಲ್ಲಿರುವ ಆ ಗುಬುಟು ತಲೆಯ ಮೀನು ಪ್ರಕೃತಿಯಲ್ಲಿ ಎಲ್ಲೂ ಇಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಅಮೆರಿಕದ ಹಲವು ಸಿಕ್ಲಿಡ್‌ಗಳನ್ನು ಕೂಡಿಸಿ ಮನುಷ್ಯರೇ ಮಾಡಿದ ಮಿಶ್ರತಳಿ ಅದು. ಮೈಮೇಲಿನ ಕಪ್ಪು ಗುರುತುಗಳು ಚೀನೀ ಅಕ್ಷರದಂತೆ ಕಂಡದ್ದರಿಂದ ಅದೃಷ್ಟದ ಮಾತು ಹುಟ್ಟಿಕೊಂಡಿತು, ಬೆಲೆಯೂ ಏರಿತು. ತಲೆಯ ಗುಬುಟಿಗೂ ನಿಮ್ಮ ಗಲ್ಲಾಪೆಟ್ಟಿಗೆಗೂ ಸಂಬಂಧವಿಲ್ಲ. ಸಾಕುವುದಾದರೆ ನಾಲ್ಕು ಅಡಿ ಟ್ಯಾಂಕಿನಲ್ಲಿ ಒಂದನ್ನೇ ಸಾಕಿ. ಸಾಕಿದವರ ಗುರುತು ಹಿಡಿದು ಗಾಜಿನ ಹತ್ತಿರ ಬರುವ ಮೀನು ಅದು, ಅಷ್ಟು ಸಂತೋಷವೇ ಸಾಕಲ್ಲವೇ?

ಸಾಕಲಾಗದಿದ್ದರೆ ಕಾಲುವೆಗೆ ಬಿಡಬೇಡಿ

‘ಪಾಪ, ಹಳ್ಳಕ್ಕೆ ಬಿಟ್ಟರೆ ಬದುಕಿಕೊಳ್ಳಲಿ’ ಎಂಬುದು ಒಳ್ಳೆಯ ಮನಸ್ಸಿನ ಮಾತು. ಆದರೆ ಪರಿಣಾಮ ಒಳ್ಳೆಯದಲ್ಲ. ಮೇಲೆ ಹೇಳಿದ ತಿಲಾಪಿಯಾ ನೆನಪಿಸಿಕೊಳ್ಳಿ. ಆಹಾರಕ್ಕೆಂದು ತಂದ ಮೀನು ಬಾಯಲ್ಲೇ ಮರಿ ಕಾಪಾಡುತ್ತಾ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತಾ ದೇಶದ ಕೆರೆ, ನದಿಗಳಿಗೆ ಹಬ್ಬಿತು. ನಮ್ಮ ಸ್ಥಳೀಯ ಮೀನುಗಳ ಜಾಗವನ್ನೂ ಮೇವನ್ನೂ ಕಸಿಯಿತು. ಈಗ ಅದನ್ನು ತೆಗೆಯುವುದು ಯಾರಿಂದಲೂ ಆಗದು.

ಕಾಲುವೆಗೆ ಬಿಟ್ಟ ಆಸ್ಕರ್, ಫ್ಲವರ್‌ಹಾರ್ನ್ ಒಂದೋ ಸಾಯುತ್ತವೆ, ಇಲ್ಲವೇ ಬದುಕಿ ಇದೇ ಕೆಲಸ ಮಾಡುತ್ತವೆ. ಮೀನು ಹಿಡಿದು ಬದುಕುವವರಿಗೆ ಅದರಿಂದ ನಷ್ಟ. ಸಾಕಲಾಗದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಅಥವಾ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ.

ಕೊನೆಯದಾಗಿ

ಮೀನು ತರುವ ಮುನ್ನ ನಾಲ್ಕು ಕೆಲಸ ಮಾಡಿ: ಟ್ಯಾಂಕ್ ಅಳೆಯಿರಿ, ಮೀನು ಪೂರ್ತಿ ಬೆಳೆದರೆ ಎಷ್ಟು ಇಂಚು ಎಂದು ಕೇಳಿ, ನಿಮ್ಮ ನೀರು ಎಂಥದ್ದು ತಿಳಿದುಕೊಳ್ಳಿ, ಮೊದಲ ತಿಂಗಳು ಒಂದೆರಡು ಮೀನಿನಿಂದ ಶುರು ಮಾಡಿ.

ಇನ್ನು ಮುಂದೆ ಗ್ರೂಪಿನಲ್ಲಿ ‘ಕಂಟಕ ಹೊತ್ತುಕೊಂಡು ಹೋದ ಮೀನು’ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು ಒಂದೇ ಪ್ರಶ್ನೆ ಕೇಳಿ: “ಟ್ಯಾಂಕ್ ಎಷ್ಟು ಅಡಿದು, ಮೀನು ಎಷ್ಟು ಹಾಕಿದ್ರಿ?” ಉತ್ತರ ಬಹುತೇಕ ಅಲ್ಲೇ ಸಿಗುತ್ತದೆ.